ಎಕರೆ, ಗುಂಟೆ, ಆಣೆ ಲೆಕ್ಕಕ್ಕೊಂದು ಸಣ್ಣ ಕಿಟಕಿ: ಟಿಕಿಂಟರ್‌ನಲ್ಲಿ ಯಾವ ನಿಯಂತ್ರಣವನ್ನು ಎಲ್ಲಿ ಇಡಬೇಕು?

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ತಾಲ್ಲೂಕು ಕೇಂದ್ರವೊಂದರಲ್ಲಿ ಪತ್ರ ಬರಹಗಾರರು. ಕ್ರಯಪತ್ರವಾಗಲಿ, ವಿಭಾಗಪತ್ರವಾಗಲಿ, ದಾನಪತ್ರವಾಗಲಿ, ಜಮೀನಿನ ವಿಸ್ತೀರ್ಣವನ್ನು ಕೂಡುವುದು, ಕಳೆಯುವುದು, ಅಣ್ಣತಮ್ಮಂದಿರಿಗೆ ಹಂಚುವುದು ಅವರ ನಿತ್ಯದ ಕೆಲಸ. ಇಷ್ಟು ವರ್ಷ ಕಾಗದದ ಮೇಲೆ ಮಾಡುತ್ತಿದ್ದರು. ಈಗ ಮೊಬೈಲಿನ ಕ್ಯಾಲ್ಕುಲೇಟರ್ ಬಳಸುತ್ತಾರೆ. ಕಳೆದ ತಿಂಗಳು 2 ಎಕರೆ 35 ಗುಂಟೆಗೆ 1 ಎಕರೆ 12 ಗುಂಟೆ ಸೇರಿಸುವಾಗ ಗಡಿಬಿಡಿಯಲ್ಲಿ 2.35 ಮತ್ತು 1.12 ಎಂದು ಒತ್ತಿ, ಬಂದ 3.47 ಅನ್ನು ಹಾಗೆಯೇ ಕರಡಿನಲ್ಲಿ ಬರೆದಿದ್ದರು. ನಲವತ್ತು ಗುಂಟೆಗೆ ಒಂದು ಎಕರೆ ಆಗುವುದರಿಂದ 47 ಗುಂಟೆ ಎಂಬುದೇ ಇಲ್ಲ. ಅದು 4 ಎಕರೆ 7 ಗುಂಟೆ ಆಗಬೇಕಿತ್ತು. ನೋಂದಣಿಗೆ ಮೊದಲೇ ಖರೀದಿದಾರರ ಕಡೆಯವರು ಗಮನಿಸಿದ್ದರಿಂದ ತೊಂದರೆ ತಪ್ಪಿತು.

ನನಗೆ ಪೈಥಾನ್ ಸ್ವಲ್ಪ ಗೊತ್ತಿರುವುದರಿಂದ, ಅದರಲ್ಲಿ ಕಿಟಕಿ, ಗುಂಡಿ ಮಾಡಲು ಇರುವ ಟಿಕಿಂಟರ್ ಗ್ರಂಥಾಲಯ ಬಳಸಿ ಅವರಿಗೊಂದು ಕಿಟಕಿ ಮಾಡಿಕೊಡಲು ಹೊರಟೆ. ಎರಡು ಪಠ್ಯಪೆಟ್ಟಿಗೆ, ಕೂಡು, ಕಳೆ, ಹಂಚು ಎಂಬ ಮೂರು ಗುಂಡಿ, ಫಲಿತಾಂಶ ತೋರಿಸುವ ಒಂದು ಲೇಬಲ್, ಇಷ್ಟು ನಿಯಂತ್ರಣಗಳನ್ನು ಇಟ್ಟಿದ್ದೇನೆ. ಆದರೆ ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಮೊದಲನೆಯದಾಗಿ, ಕಿಟಕಿ ತೆರೆಯುವ ಮೊದಲೇ ಲೆಕ್ಕ ನಡೆದುಬಿಡುತ್ತದೆ, ಆಮೇಲೆ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಎರಡನೆಯದಾಗಿ, ಮಾವ 2.5 ಎಂದು ಬರೆದರೆ ಅದು ಎರಡೂವರೆ ಎಕರೆಯೋ, 2 ಎಕರೆ 5 ಗುಂಟೆಯೋ ಎಂಬುದು ನನ್ನ ಪ್ರೋಗ್ರಾಮಿಗೆ ತಿಳಿಯುವುದಿಲ್ಲ. ಮೂರನೆಯದಾಗಿ, ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ ಕನ್ನಡದ ಒತ್ತಕ್ಷರಗಳು ಒಡೆದುಹೋಗುತ್ತಿವೆ. "ಲೆಕ್ಕ" ಎಂದು ಬರೆದರೆ ಅಕ್ಷರ, ಏತ್ವ, ಒತ್ತು ಎಲ್ಲವೂ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ. ಅಂಗಡಿಯಲ್ಲಿರುವುದು ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರ್. ದಯವಿಟ್ಟು ದಾರಿ ತೋರಿಸಿ.

ಮೊದಲ ಉತ್ತರ: ಸಾಫ್ಟ್‌ವೇರ್ ಕೆಲಸದಲ್ಲಿರುವವರು

ಗುಂಡಿಯ ಸಮಸ್ಯೆಯಿಂದ ಆರಂಭಿಸುತ್ತೇನೆ. ಟಿಕಿಂಟರ್ ಕಲಿಯುವ ಬಹುತೇಕರು ಮೊದಲ ವಾರದಲ್ಲೇ ಇದನ್ನು ಎದುರಿಸುತ್ತಾರೆ. ಗುಂಡಿಗೆ ಕಮಾಂಡ್ ಕೊಡುವಾಗ ಫಂಕ್ಷನ್ನಿನ ಹೆಸರಿನ ಮುಂದೆ ಆವರಣ ಹಾಕಿದ್ದೀರಿ ಎಂದು ಕಾಣುತ್ತದೆ. ಆವರಣ ಹಾಕಿದರೆ "ಈಗಲೇ ಓಡಿಸು" ಎಂದರ್ಥ. ಹಾಗಾಗಿ ಗುಂಡಿ ತಯಾರಾಗುವ ಹೊತ್ತಿಗೇ ಲೆಕ್ಕ ಮುಗಿದು, ಆ ಫಂಕ್ಷನ್ ಹಿಂದಿರುಗಿಸಿದ ಬೆಲೆ, ಅಂದರೆ ಸಾಮಾನ್ಯವಾಗಿ "ಏನೂ ಇಲ್ಲ" ಎಂಬ None, ಗುಂಡಿಗೆ ಅಂಟಿಕೊಳ್ಳುತ್ತದೆ. ಒತ್ತಿದಾಗ ಮಾಡಲು ಅದರ ಬಳಿ ಕೆಲಸವೇ ಇರುವುದಿಲ್ಲ. ಆವರಣ ತೆಗೆದು ಬರೀ ಹೆಸರನ್ನು ಕೊಡಿ. ಗುಂಡಿ ಆ ಫಂಕ್ಷನ್ನನ್ನು ಇಟ್ಟುಕೊಂಡಿದ್ದು ಒತ್ತಿದಾಗ ಮಾತ್ರ ಕರೆಯುತ್ತದೆ.

ಮೂರೂ ಗುಂಡಿಗಳನ್ನು ಒಂದು ಫಾರ್ ಲೂಪಿನಲ್ಲಿ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬಳಸಿ ಮಾಡಿದ್ದರೆ ಇನ್ನೊಂದು ಎಡವಟ್ಟು ಕಾದಿರುತ್ತದೆ: ಯಾವ ಗುಂಡಿ ಒತ್ತಿದರೂ ಕೊನೆಯದಾದ "ಹಂಚು" ಕೆಲಸವೇ ನಡೆಯುತ್ತದೆ. ಲ್ಯಾಂಬ್ಡಾ ತಾನು ಹುಟ್ಟಿದಾಗಿನ ಬೆಲೆಯನ್ನು ನೆನಪಿಡುವುದಿಲ್ಲ, ಓಡುವಾಗ ಲೂಪಿನ ಚರದಲ್ಲಿ ಯಾವ ಬೆಲೆ ಇದೆಯೋ ಅದನ್ನು ಓದುತ್ತದೆ. ಆ ಹೊತ್ತಿಗೆ ಲೂಪು ಮುಗಿದು ಅಲ್ಲಿ ಕೊನೆಯ ಬೆಲೆಯಷ್ಟೇ ಉಳಿದಿರುತ್ತದೆ. ಚರವನ್ನು ಲ್ಯಾಂಬ್ಡಾದ ಡೀಫಾಲ್ಟ್ ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಆಯಾ ಸುತ್ತಿನ ಬೆಲೆ ಅಲ್ಲೇ ನಿಲ್ಲುತ್ತದೆ.

ಇದರ ಹಿಂದಿರುವ ವಿಚಾರ ಒಮ್ಮೆ ಮನಸ್ಸಿಗೆ ಹತ್ತಿದರೆ ಉಳಿದದ್ದೆಲ್ಲ ಸುಲಭ. ಕಮಾಂಡ್ ಸಾಲಿನ ಪ್ರೋಗ್ರಾಮಿನಲ್ಲಿ ನೀವು ಮುಂದೆ ನಡೆಯುತ್ತೀರಿ, ಬಳಕೆದಾರ ನಿಮ್ಮ ಹಿಂದೆ ಬರುತ್ತಾನೆ. ಕಿಟಕಿಯ ಪ್ರೋಗ್ರಾಮಿನಲ್ಲಿ ಅದು ತಿರುವುಮುರುವು. ಕಿಟಕಿ ಸಿದ್ಧವಾದ ಮೇಲೆ ಮೇನ್‌ಲೂಪ್ ಕರೆದುಬಿಟ್ಟರೆ, ಪ್ರೋಗ್ರಾಂ ಅಲ್ಲೇ ನಿಂತು ಒತ್ತಿದ ಕೀಲಿ, ಸರಿದ ಮೌಸ್, ಮುಚ್ಚಿದ ಕಿಟಕಿ ಇವುಗಳಿಗಾಗಿ ಕಾಯುತ್ತಿರುತ್ತದೆ; ಪ್ರತಿಯೊಂದು ಘಟನೆಗೂ ನೀವು ಮೊದಲೇ ಒಪ್ಪಿಸಿಟ್ಟ ಫಂಕ್ಷನ್ನನ್ನು ಕರೆಯುತ್ತದೆ. ಆ ಫಂಕ್ಷನ್ ಮುಗಿಯುವವರೆಗೆ ಬೇರೇನೂ ನಡೆಯುವುದಿಲ್ಲ. ಆದ್ದರಿಂದ ಒಳಗೆ ಸ್ಲೀಪ್ (ಇಷ್ಟು ಹೊತ್ತು ಸುಮ್ಮನಿರು ಎಂಬ ಆಜ್ಞೆ) ಹಾಕಿದರೆ ಕಿಟಕಿಯೇ ಸ್ತಬ್ಧವಾಗುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ನೀವು ಊಹಿಸಿದಂತೆಯೇ ಆವರಣ ಹಾಕಿದ್ದೆ. ತೆಗೆದ ಕೂಡಲೇ ಸರಿಹೋಯಿತು. ಸ್ಲೀಪ್ ಬಗ್ಗೆ ಹೇಳಿದ್ದೂ ನನಗೇ ತಾಗಿತು, ಏಕೆಂದರೆ "ನಕಲಾಯಿತು" ಎಂಬ ಸಂದೇಶ ಎರಡು ಸೆಕೆಂಡಿನ ನಂತರ ಮಾಯವಾಗಲಿ ಎಂದು ನಾನು ಸ್ಲೀಪ್ ಬಳಸಿದ್ದೆ, ಅಷ್ಟು ಹೊತ್ತು ಕಿಟಕಿ ಅಲುಗಾಡುತ್ತಿರಲಿಲ್ಲ.

ಮೊದಲ ಉತ್ತರ ಕೊಟ್ಟವರು

ಅದಕ್ಕೆ ಆಫ್ಟರ್ ಎಂಬ ವಿಧಾನವಿದೆ. 2000 ಎಂದು ಮಿಲಿಸೆಕೆಂಡುಗಳನ್ನೂ, ಸಂದೇಶ ಅಳಿಸುವ ಫಂಕ್ಷನ್ನಿನ ಹೆಸರನ್ನೂ ಕೊಟ್ಟರೆ ಕಿಟಕಿ ತನ್ನ ಕೆಲಸ ಮಾಡುತ್ತಲೇ ಇದ್ದು, ಹೊತ್ತಾದಾಗ ಅದನ್ನು ಕರೆಯುತ್ತದೆ. ಇಲ್ಲಿಯೂ ಆವರಣ ಬೇಡ.

ಎರಡನೆಯ ಉತ್ತರ: ಭೂಮಾಪನ ಕೆಲಸ ಮಾಡಿದವರು

ನನಗೆ ಪೈಥಾನ್ ಅಷ್ಟಾಗಿ ಬಾರದು, ಆದರೆ ಜಮೀನಿನ ಲೆಕ್ಕ ಚೆನ್ನಾಗಿ ಗೊತ್ತು. ನಿಮ್ಮ ಎರಡನೆಯ ಸಮಸ್ಯೆಗೆ ಮೂಲ ಪಹಣಿಯಲ್ಲೇ ಇದೆ. ಅಲ್ಲಿ ಎಕರೆ, ಗುಂಟೆ, ಆಣೆಗಳನ್ನು ಚುಕ್ಕಿ ಇಟ್ಟು ಬರೆಯುವುದು ರೂಢಿ; ಆ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ, ಬರೀ ಬೇರ್ಪಡಿಸುವ ಗುರುತು. ಕ್ಯಾಲ್ಕುಲೇಟರಿಗೆ ಅದು ತಿಳಿಯುವುದಿಲ್ಲ. 16 ಆಣೆಗೆ 1 ಗುಂಟೆ, 40 ಗುಂಟೆಗೆ 1 ಎಕರೆ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1089 ಚದರ ಅಡಿ. ಎಕರೆಗೆ 43,560 ಚದರ ಅಡಿ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಚುಕ್ಕಿ ಬರೆಯಲು ಅವಕಾಶವೇ ಇಲ್ಲದಂತೆ ಎಕರೆಗೊಂದು, ಗುಂಟೆಗೊಂದು, ಆಣೆಗೊಂದು ಪೆಟ್ಟಿಗೆ ಇಡಿ. ಒಳಗೆ ಎಲ್ಲವನ್ನೂ ಆಣೆಗೆ ತಂದುಕೊಳ್ಳಿ. ಒಂದು ಎಕರೆಗೆ 640 ಆಣೆ. ಪೂರ್ಣಾಂಕದಲ್ಲೇ ಕೂಡಿ, ಕಳೆದು, ಕೊನೆಗೆ ಮತ್ತೆ ಎಕರೆ, ಗುಂಟೆ, ಆಣೆಯಾಗಿ ಬಿಡಿಸಿದರೆ ಎಲ್ಲಿಯೂ ಚೂರುಪಾರು ಉಳಿಯುವುದಿಲ್ಲ.

ಇನ್ನೊಂದು ಮಾತು. ಪತ್ರ ಬರೆಯುವವರಿಗೆ ಖರಾಬು ಕಳೆಯುವುದು ಬಹಳ ಮುಖ್ಯ. ಸಾಗುವಳಿಗೆ ಬಾರದ ನೆಲ "ಅ" ಖರಾಬು. ದಾರಿ, ಹಳ್ಳದಂತೆ ಸಾರ್ವಜನಿಕ ಬಳಕೆಗೆ ಬಿಟ್ಟದ್ದು "ಬ" ಖರಾಬು. ಒಟ್ಟು ವಿಸ್ತೀರ್ಣದಿಂದ ಇವನ್ನು ಕಳೆದ ಮೇಲೆ ಉಳಿಯುವುದೇ ಪತ್ರಕ್ಕೆ ಬೇಕಾದ ಅಂಕಿ. ಬರೀ "ಕಳೆ" ಎಂಬ ಗುಂಡಿಯ ಬದಲು "ಖರಾಬು ಕಳೆ" ಎಂದು ಬರೆದರೆ ನಿಮ್ಮ ಮಾವನವರಿಗೆ ತಕ್ಷಣ ಅರ್ಥವಾಗುತ್ತದೆ. ಪರದೆಯ ಮೇಲಿನ ಪದ ಕಾಗದದ ಮೇಲಿನ ಪದವೇ ಆಗಿರಲಿ.

ಮೂರನೆಯ ಉತ್ತರ: ಮಂಗಳೂರಿನ ಕಡೆಯವರು

ನಮ್ಮ ಕರಾವಳಿಯಲ್ಲಿ ಗುಂಟೆ ಎಂದರೆ ಜನ ಒಂದು ಕ್ಷಣ ಯೋಚಿಸುತ್ತಾರೆ. ಇಲ್ಲಿ ಎಲ್ಲವೂ ಸೆಂಟ್ಸ್ ಲೆಕ್ಕ. ಎಕರೆಗೆ 100 ಸೆಂಟ್ಸ್, ಅಂದರೆ ಒಂದು ಗುಂಟೆಗೆ ಸರಿಯಾಗಿ ಎರಡೂವರೆ ಸೆಂಟ್ಸ್. ಒಂದು ಆಯ್ಕೆಪಟ್ಟಿಯಲ್ಲಿ "ಎಕರೆ-ಗುಂಟೆ-ಆಣೆ", "ಸೆಂಟ್ಸ್", "ಚದರ ಅಡಿ", "ಹೆಕ್ಟೇರ್" ಎಂದು ಇಟ್ಟರೆ ಫಲಿತಾಂಶವನ್ನು ಬೇಕಾದ ಅಳತೆಯಲ್ಲಿ ನೋಡಬಹುದು. ಕಾಂಬೊಬಾಕ್ಸ್ ಬಳಸುವಿರಾದರೆ ಅದರ ಸ್ಥಿತಿಯನ್ನು ರೀಡ್‌ಓನ್ಲಿ ಮಾಡಿ. ಇಲ್ಲದಿದ್ದರೆ ಬಳಕೆದಾರರು ಪಟ್ಟಿಯಲ್ಲಿಲ್ಲದ ಪದವನ್ನೂ ಅದರೊಳಗೆ ಟೈಪಿಸಬಹುದು.

ನಾಲ್ಕನೆಯ ಉತ್ತರ: ಪಾಲಿಟೆಕ್ನಿಕ್ ಉಪನ್ಯಾಸಕಿ

ಭೂಮಾಪಕರ ಮಾತು ನೂರಕ್ಕೆ ನೂರು ಸರಿ. ನಾನು ವಿದ್ಯಾರ್ಥಿಗಳಿಗೆ ಇದನ್ನೇ ಹೇಳುತ್ತಿರುತ್ತೇನೆ: ತಪ್ಪಾದ ಮೇಲೆ ಎಚ್ಚರಿಕೆಯ ಪೆಟ್ಟಿಗೆ ತೋರಿಸುವುದಕ್ಕಿಂತ ತಪ್ಪು ಬರೆಯಲು ಜಾಗವೇ ಇಲ್ಲದಂತೆ ನಿಯಂತ್ರಣವನ್ನು ಆರಿಸುವುದು ಮೇಲು. ಗುಂಟೆಗೆ ಸ್ಪಿನ್‌ಬಾಕ್ಸ್ (ಬಾಣ ಒತ್ತಿ ಅಂಕಿ ಏರಿಳಿಸುವ ಪೆಟ್ಟಿಗೆ) ಹಾಕಿ, 0 ಯಿಂದ 39 ರವರೆಗೆ ಮಿತಿ ಕೊಡಿ. ಆಣೆಗೆ 0 ಯಿಂದ 15. ಕನಿಷ್ಠ ಮಿತಿಯನ್ನು ಸೂಚಿಸುವ ಆಯ್ಕೆಯ ಹೆಸರು ಫ್ರಮ್. ಆ ಪದ ಪೈಥಾನಿನಲ್ಲಿ ಕಾಯ್ದಿರಿಸಿದ್ದಾದ್ದರಿಂದ ಹೆಸರಿನ ಕೊನೆಯಲ್ಲಿ ಒಂದು ಅಡಿಗೆರೆ ಸೇರಿಸಬೇಕಾಗುತ್ತದೆ. ಸ್ಲೈಡರ್ ನೋಡಲು ಚೆಂದ, ಆದರೆ ಅದನ್ನು ಎಳೆದು ನಿಖರವಾಗಿ 27 ಕ್ಕೆ ನಿಲ್ಲಿಸುವುದು ಕಷ್ಟ, ಟಿಟಿಕೆ (ಟಿಕಿಂಟರಿನ ಹೊಸ ರೂಪದ ನಿಯಂತ್ರಣಗಳು) ಬಗೆಯದಾದರೆ ಅದರ ಬೆಲೆಯೂ ದಶಮಾಂಶದಲ್ಲಿ ಬರುತ್ತದೆ. ಕೋಣೆಯ ಬೆಳಕು ಹೊಂದಿಸಲು ಸ್ಲೈಡರ್ ಸರಿ, ಜಮೀನಿನ ಅಳತೆಗೆ ಬೇಡ.

ಜೋಡಣೆಗೆ ಗ್ರಿಡ್ ಎಂಬ ಕೋಷ್ಟಕದ ವಿಧಾನ ಬಳಸಿ. ಪಹಣಿಯ ಕೋಷ್ಟಕವನ್ನೇ ಕಣ್ಣ ಮುಂದೆ ಇಟ್ಟುಕೊಳ್ಳಿ: ಮೇಲಿನ ಸಾಲಿನಲ್ಲಿ ಎಕರೆ, ಗುಂಟೆ, ಆಣೆ ಎಂಬ ತಲೆಬರಹಗಳು, ಅದರ ಕೆಳಗೆ "ಒಟ್ಟು ವಿಸ್ತೀರ್ಣ", "ಅ ಖರಾಬು", "ಬ ಖರಾಬು" ಎಂಬ ಸಾಲುಗಳು, ಕೊನೆಯಲ್ಲಿ "ಉಳಿದದ್ದು". ಹೀಗಿದ್ದರೆ ಮಾವನವರು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಒಂದೇ ಚೌಕಟ್ಟಿನೊಳಗೆ ಗ್ರಿಡ್ ಮತ್ತು ಪ್ಯಾಕ್ (ಒಂದರ ಪಕ್ಕ ಒಂದಿಡುವ ಇನ್ನೊಂದು ವಿಧಾನ) ಎರಡನ್ನೂ ಬೆರೆಸಬೇಡಿ. ಟಿಕಿಂಟರಿನ ಹಿಂದಿರುವ ಟಿಕೆ ಎಂಬ ಗ್ರಂಥಾಲಯದ ಹಳೆಯ ಆವೃತ್ತಿಗಳಲ್ಲಿ ಹಾಗೆ ಮಾಡಿದರೆ ಎರಡೂ ವ್ಯವಸ್ಥೆಗಳು ಜಾಗಕ್ಕಾಗಿ ಕಿತ್ತಾಡಿ ಪ್ರೋಗ್ರಾಂ ಕೊನೆಯಿಲ್ಲದೆ ಸುತ್ತುತ್ತಿತ್ತು, 8.6 ರಿಂದೀಚೆಗೆ ದೋಷಸಂದೇಶ ಬರುತ್ತದೆ. ಕಿಟಕಿಯನ್ನು ದೊಡ್ಡದು ಮಾಡಿದಾಗ ಪೆಟ್ಟಿಗೆಗಳು ಮೂಲೆಯಲ್ಲೇ ಮುದುಡಿ ಕೂರಬಾರದೆಂದರೆ ಕಾಲಂ ಕಾನ್ಫಿಗರ್‌ನಲ್ಲಿ ಆಯಾ ಕಂಬಸಾಲಿಗೆ ವೇಯ್ಟ್ ಕೊಡಬೇಕು.

ಟ್ಯಾಬ್ ಕೀಲಿಯ ಓಟವನ್ನೂ ಮರೆಯಬೇಡಿ. ನಿಯಂತ್ರಣಗಳನ್ನು ಯಾವ ಕ್ರಮದಲ್ಲಿ ಸೃಷ್ಟಿಸುತ್ತೀರೋ ಸಾಮಾನ್ಯವಾಗಿ ಅದೇ ಕ್ರಮದಲ್ಲಿ ಟ್ಯಾಬ್ ಸಾಗುತ್ತದೆ. ಎಕರೆ ಬರೆದು ಟ್ಯಾಬ್ ಒತ್ತಿದರೆ ಗುಂಟೆಗೆ, ಅಲ್ಲಿಂದ ಆಣೆಗೆ, ಆಮೇಲೆ ಕೆಳಗಿನ ಸಾಲಿಗೆ ಹೋಗುವಂತೆ ಸೃಷ್ಟಿಸಿದರೆ, ದಿನವಿಡೀ ಕೀಲಿಮಣೆಯ ಮೇಲೆ ಕೈ ಇಟ್ಟಿರುವವರು ಮೌಸ್ ಮುಟ್ಟದೆ ಕೆಲಸ ಮುಗಿಸಬಹುದು.

ಪ್ರಶ್ನೆ ಕೇಳಿದವರು

ಎರಡು ದಿನ ಕೂತು ನೀವು ಹೇಳಿದಂತೆ ಬದಲಾಯಿಸಿದೆ. ಪಹಣಿಯ ಕೋಷ್ಟಕದಂತೆ ಕಾಣುವುದನ್ನು ನೋಡಿ ಮಾವನಿಗೆ ಬಹಳ ಸಂತೋಷವಾಯಿತು. ಆದರೆ ಅವರು ಬಾಣದ ಗುರುತನ್ನು ಒತ್ತುವುದಿಲ್ಲ, ನೇರವಾಗಿ ಟೈಪಿಸುತ್ತಾರೆ. ಹಾಗೆ ಗುಂಟೆಯ ಪೆಟ್ಟಿಗೆಯಲ್ಲಿ 75 ಎಂದು ಬರೆದಾಗ ಸ್ಪಿನ್‌ಬಾಕ್ಸ್ ಒಂದು ಮಾತೂ ಆಡದೆ ಒಪ್ಪಿಕೊಂಡಿತು. ಮಿತಿ ಕೊಟ್ಟಿದ್ದೆನಲ್ಲ? ಇನ್ನೊಂದು ವಿಚಿತ್ರವೆಂದರೆ, ಅವರು ಕೆಲವೊಮ್ಮೆ ಕನ್ನಡ ಕೀಲಿಮಣೆಯಲ್ಲೇ ಇದ್ದು ೩೫ ಎಂದು ಬರೆಯುತ್ತಾರೆ. ಅದಕ್ಕೆ ಪ್ರತ್ಯೇಕ ಪರಿವರ್ತನೆ ಬರೆಯಬೇಕೇ?

ಮೊದಲ ಉತ್ತರ ಕೊಟ್ಟವರು

ಕನ್ನಡ ಅಂಕಿಗಳಿಗೆ ಏನೂ ಬರೆಯಬೇಕಿಲ್ಲ. ಪಠ್ಯವನ್ನು ಪೂರ್ಣಾಂಕವಾಗಿಸುವ ಪೈಥಾನಿನ ಇಂಟ್ ಫಂಕ್ಷನ್ ಯೂನಿಕೋಡಿನ ಎಲ್ಲ ದಶಮಾಂಶ ಅಂಕಿಗಳನ್ನೂ ಗುರುತಿಸುತ್ತದೆ. ೩೫ ಕೊಟ್ಟರೂ ಅದು 35 ಎಂದೇ ಓದುತ್ತದೆ. ಮೊದಲ ಬಾರಿ ಇದನ್ನು ಪರೀಕ್ಷಿಸಿ ನೋಡಿದಾಗ ನನಗೆ ಬಹಳ ಖುಷಿಯಾಗಿತ್ತು. ಫಲಿತಾಂಶವನ್ನು ಕನ್ನಡ ಅಂಕಿಯಲ್ಲಿ ತೋರಿಸಬೇಕೆಂದರೆ ಮಾತ್ರ ಟ್ರಾನ್ಸ್‌ಲೇಟ್ ಬಳಸಿ ಹತ್ತು ಅಂಕಿಗಳ ಒಂದು ಪುಟ್ಟ ಕೋಷ್ಟಕ ಮಾಡಿಕೊಳ್ಳಿ.

ಸ್ಪಿನ್‌ಬಾಕ್ಸಿನ ಮಿತಿ ಬಾಣಗಳಿಗೆ ಮಾತ್ರ ಅನ್ವಯಿಸುತ್ತದೆ, ಟೈಪಿಸಿದ್ದಕ್ಕಲ್ಲ. ಅದಕ್ಕೆ ವ್ಯಾಲಿಡೇಟ್ ಆಯ್ಕೆಗೆ ಕೀ ಎಂದು ಕೊಟ್ಟು, ಪರಿಶೀಲಿಸುವ ಫಂಕ್ಷನ್ನನ್ನು ರಿಜಿಸ್ಟರ್ ಮಾಡಿ, ಜೊತೆಗೆ ಶೇಕಡಾ ಚಿಹ್ನೆ ಮತ್ತು ದೊಡ್ಡ ಅಕ್ಷರದ ಪಿ ಇರುವ ಸಂಕೇತವನ್ನು ಕಳುಹಿಸಬೇಕು. ಆಗ ಪ್ರತಿ ಕೀಲಿ ಒತ್ತಿದಾಗಲೂ "ಇದನ್ನು ಒಪ್ಪಿದರೆ ಪೆಟ್ಟಿಗೆಯಲ್ಲಿ ಏನಿರುತ್ತದೆ" ಎಂಬ ಪೂರ್ತಿ ಪಠ್ಯ ನಿಮ್ಮ ಫಂಕ್ಷನ್ನಿಗೆ ಬರುತ್ತದೆ. ಅದು ಖಾಲಿಯಾಗಿದ್ದರೂ ಒಪ್ಪಿ, ಒಪ್ಪದಿದ್ದರೆ ಇರುವ ಅಂಕಿಯನ್ನು ಅಳಿಸಿ ಹೊಸದನ್ನು ಬರೆಯಲು ಆಗುವುದೇ ಇಲ್ಲ. ಅಂಕಿಗಳೇ ಆಗಿದ್ದು 39 ನ್ನು ಮೀರದಿದ್ದರೆ ಒಪ್ಪಿ. ಉಳಿದದ್ದನ್ನು ನಿರಾಕರಿಸಿ. ಮಾವನವರು 7 ಒತ್ತಿ 5 ಒತ್ತಿದರೆ ಆ 5 ಮೂಡುವುದೇ ಇಲ್ಲ.

ಎರಡು ಸೂಕ್ಷ್ಮಗಳಿವೆ. ಅಂಕಿಯೇ ಎಂದು ನೋಡಲು ಇಸ್‌ಡಿಜಿಟ್ ಬದಲು ಇಸ್‌ಡೆಸಿಮಲ್ ಬಳಸಿ. ಮೊದಲನೆಯದು ವರ್ಗದ ಗುರುತಾಗಿ ಬರೆಯುವ ಸಣ್ಣ ಎರಡನ್ನೂ (²) ಅಂಕಿ ಎಂದು ಒಪ್ಪುತ್ತದೆ, ಇಂಟ್ ಅದನ್ನು ಒಪ್ಪದೆ ದೋಷ ಎಸೆಯುತ್ತದೆ. ಎರಡನೆಯದಾಗಿ, ಪರಿಶೀಲಿಸುವ ಫಂಕ್ಷನ್ ಎಲ್ಲ ದಾರಿಗಳಲ್ಲೂ ಹೌದು ಅಥವಾ ಅಲ್ಲ ಎಂದು ಉತ್ತರಿಸಲೇಬೇಕು. ಹಳೆಯ ಮಾದರಿಯ ಪೆಟ್ಟಿಗೆಗಳಲ್ಲಿ ಉತ್ತರ ತಪ್ಪಿದರೆ ಟಿಕೆ ಆ ಪರಿಶೀಲನೆಯನ್ನೇ ಸದ್ದಿಲ್ಲದೆ ನಿಲ್ಲಿಸಿಬಿಡುತ್ತದೆ, ನಿಮಗೆ ಕಾರಣ ತಿಳಿಯುವುದೇ ಇಲ್ಲ.

ಐದನೆಯ ಉತ್ತರ: ಲೆಕ್ಕಪತ್ರದ ತಂತ್ರಾಂಶ ಬರೆಯುವವರು

ನನ್ನ ಕೈ ಸುಟ್ಟುಕೊಂಡ ಅನುಭವವೊಂದನ್ನು ಹೇಳಬೇಕು. ನಾನು ಒಬ್ಬ ವ್ಯಾಪಾರಿಗೆ ಬರೆದುಕೊಟ್ಟ ಕಿಟಕಿಯಲ್ಲಿ ಟಿಟಿಕೆ ಬಗೆಯ ಸ್ಪಿನ್‌ಬಾಕ್ಸುಗಳಿದ್ದವು. ಅವರು ಸಂಖ್ಯೆ ಬರೆದು, ಕೆಳಗಿನ ಸಾಲು ನೋಡಲೆಂದು ಮೌಸಿನ ಚಕ್ರ ತಿರುಗಿಸುತ್ತಿದ್ದರು. ಮೌಸ್ ಬಾಣ ಪೆಟ್ಟಿಗೆಯ ಮೇಲೆಯೇ ಇದ್ದುದರಿಂದ ಪುಟದ ಬದಲು ಪೆಟ್ಟಿಗೆಯ ಸಂಖ್ಯೆ ಬದಲಾಗುತ್ತಿತ್ತು. 24 ಬರೆದದ್ದು 22 ಆಗಿ ಕೂತಿದ್ದನ್ನು ಇಬ್ಬರೂ ಹಲವು ದಿನ ಗಮನಿಸಲಿಲ್ಲ. ಕಾಂಬೊಬಾಕ್ಸಿನಲ್ಲಿಯೂ ಹೀಗೆಯೇ ಆಗುತ್ತದೆ. ಜಮೀನಿನ ಪತ್ರದಲ್ಲಿ ಎರಡು ಗುಂಟೆ ಹೆಚ್ಚುಕಡಿಮೆಯಾದರೆ ಏನಾಗುತ್ತದೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ದಯವಿಟ್ಟು ಆ ಪೆಟ್ಟಿಗೆಗಳಿಗೆ ಮೌಸಿನ ಚಕ್ರದ ಘಟನೆಗೆ ಒಂದು ಫಂಕ್ಷನ್ನನ್ನು ಬೈಂಡ್ ಮಾಡಿ (ಜೋಡಿಸಿ), ಆ ಫಂಕ್ಷನ್ನಿನಿಂದ ಬ್ರೇಕ್ ಎಂಬ ಪದವನ್ನು ಹಿಂದಿರುಗಿಸಿ. ಆಗ ಘಟನೆ ಅಲ್ಲಿಗೇ ನಿಲ್ಲುತ್ತದೆ. ಲಿನಕ್ಸಿನಲ್ಲಿ ಟಿಕೆ 8.6 ಇರುವವರೆಗೆ ಚಕ್ರವನ್ನು ಮೌಸಿನ ನಾಲ್ಕನೆಯ ಮತ್ತು ಐದನೆಯ ಗುಂಡಿಗಳೆಂದು ಎಣಿಸಲಾಗುತ್ತದೆ, ಆದ್ದರಿಂದ ಅವೆರಡನ್ನೂ ಬೈಂಡ್ ಮಾಡಬೇಕು.

ಆರನೆಯ ಉತ್ತರ: ಒಬ್ಬ ವಿದ್ಯಾರ್ಥಿ

ಗುಂಡಿಯೇ ಯಾಕೆ ಬೇಕು ಎಂಬುದು ನನ್ನ ಪ್ರಶ್ನೆ. ಪ್ರತಿ ಪೆಟ್ಟಿಗೆಗೂ ಅದರ ಬೆಲೆ ಹಿಡಿದಿಡುವ ಒಂದು ಸ್ಟ್ರಿಂಗ್‌ವೇರ್ ಜೋಡಿಸಿ, ಅದಕ್ಕೆ ಟ್ರೇಸ್ (ಬದಲಾವಣೆ ಗಮನಿಸುವ ಕಾವಲು) ಹಾಕಿದರೆ ಅಂಕಿ ಬದಲಾದ ಕ್ಷಣವೇ ಫಲಿತಾಂಶ ತಾನಾಗಿ ಬದಲಾಗುತ್ತದೆ. ನಾನು ಅಳತೆ ಪರಿವರ್ತಕವನ್ನು ಹೀಗೆಯೇ ಮಾಡಿದ್ದೇನೆ; ನೋಡಲು ಜೀವಂತವಾಗಿರುತ್ತದೆ.

ನಾಲ್ಕನೆಯ ಉತ್ತರ ಕೊಟ್ಟ ಉಪನ್ಯಾಸಕಿ

ಅಳತೆ ಪರಿವರ್ತಕಕ್ಕೆ ಅದು ಒಳ್ಳೆಯ ಮಾರ್ಗ, ಇಲ್ಲಿ ನನಗೆ ಒಪ್ಪಿಗೆಯಿಲ್ಲ. ಪತ್ರ ಬರೆಯುವವರಿಗೆ "ಇಲ್ಲಿಗೆ ನನ್ನ ಅಂಕಿಗಳು ಮುಗಿದವು, ಇನ್ನು ಲೆಕ್ಕ ಹಾಕು" ಎಂದು ಹೇಳುವ ಒಂದು ಘಟ್ಟ ಬೇಕು. ಒಟ್ಟು ವಿಸ್ತೀರ್ಣ ಬರೆದು ಖರಾಬು ಇನ್ನೂ ಬರೆಯದೇ ಇರುವಾಗ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಅಂಕಿ ಕಾಣಿಸಿಕೊಂಡರೆ, ಅದು ಲೆಕ್ಕವಾಗಿ ಸರಿಯಿದ್ದರೂ ಪತ್ರಕ್ಕೆ ತಪ್ಪು. ಅದನ್ನೇ ಯಾರೋ ಬರೆದುಕೊಂಡುಬಿಡುವ ಅಪಾಯವಿದೆ.

ಟ್ರೇಸನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳಿ ಎಂದು ಸೂಚಿಸುತ್ತೇನೆ. ಲೆಕ್ಕ ಹಾಕಿದ ಮೇಲೆ ಯಾರಾದರೂ ಮೇಲಿನ ಯಾವುದೇ ಅಂಕಿಯನ್ನು ತಿದ್ದಿದರೆ, ಕೂಡಲೇ ಹಳೆಯ ಫಲಿತಾಂಶ ಅಳಿದುಹೋಗಿ ನಕಲು ಮಾಡುವ ಗುಂಡಿ ಮಂಕಾಗಬೇಕು. ಹಳಸಿದ ಉತ್ತರ ಪರದೆಯ ಮೇಲೆ ಉಳಿಯುವುದಕ್ಕಿಂತ ಖಾಲಿ ಜಾಗ ಇರುವುದು ಎಷ್ಟೋ ಕ್ಷೇಮ.

ವಿದ್ಯಾರ್ಥಿಗೆ ಒಂದು ಎಚ್ಚರಿಕೆ: ಗುಂಟೆ ಬರೆದರೆ ಸೆಂಟ್ಸ್, ಸೆಂಟ್ಸ್ ಬರೆದರೆ ಗುಂಟೆ ಎಂದು ಎರಡು ಪೆಟ್ಟಿಗೆಗಳು ಪರಸ್ಪರ ತುಂಬಿಕೊಳ್ಳುವಂತೆ ಮಾಡಿದರೆ, ಒಂದರ ಟ್ರೇಸ್ ಇನ್ನೊಂದನ್ನು, ಇನ್ನೊಂದರದ್ದು ಮತ್ತೆ ಮೊದಲನೆಯದನ್ನು ಎಬ್ಬಿಸುತ್ತ ಹೋಗುತ್ತದೆ. "ಈಗ ನಾನೇ ಬದಲಾಯಿಸುತ್ತಿದ್ದೇನೆ" ಎಂದು ಸೂಚಿಸುವ ಒಂದು ಗುರುತುಚರ ಇಟ್ಟುಕೊಂಡು ಆ ಸುತ್ತನ್ನು ತುಂಡರಿಸಬೇಕು.

ಏಳನೆಯ ಉತ್ತರ: ಕನ್ನಡ ಫಾಂಟುಗಳಲ್ಲಿ ಆಸಕ್ತಿಯುಳ್ಳವರು

ಒತ್ತಕ್ಷರದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ. ಇದು ನಿಮ್ಮ ತಪ್ಪೂ ಅಲ್ಲ, ಫಾಂಟಿನ ತಪ್ಪೂ ಅಲ್ಲ. ಯೂನಿಕೋಡಿನಲ್ಲಿ "ಲೆಕ್ಕ" ಎಂಬ ಪದ ಲ, ಏತ್ವದ ಚಿಹ್ನೆ, ಕ, ಹಲಂತ ಚಿಹ್ನೆ (್), ಕ ಎಂಬ ಐದು ಸಂಕೇತಗಳ ಸಾಲಾಗಿ ಇರುತ್ತದೆ. ಅವನ್ನು ನೋಡಿ, ಏತ್ವ ಬಂದಾಗ ಲಕಾರದ ಆಕೃತಿ ಬದಲಾಗಬೇಕು, ಎರಡನೆಯ ಕಕಾರ ಒತ್ತಾಗಿ ಕೆಳಗೆ ಇಳಿಯಬೇಕು ಎಂದು ಫಾಂಟಿನೊಳಗಿನ ನಿಯಮಗಳನ್ನು ಓದಿ ಅಕ್ಷರ ಕಟ್ಟುವ ಒಂದು ಪದರ ಬೇಕು. ಲಿನಕ್ಸಿನಲ್ಲಿ ಕಿಟಕಿ ಮಾಡುವ ಬೇರೆ ಗ್ರಂಥಾಲಯಗಳಾದ ಕ್ಯೂಟಿ ಮತ್ತು ಜಿಟಿಕೆ ಈ ಕೆಲಸವನ್ನು ಹಾರ್ಫ್‌ಬಜ್ ಗ್ರಂಥಾಲಯಕ್ಕೆ ಒಪ್ಪಿಸುತ್ತವೆ. ಟಿಕೆ 8.6 ಲಿನಕ್ಸಿನಲ್ಲಿ ಎಕ್ಸ್‌ಎಫ್‌ಟಿ ಎಂಬ ಹಳೆಯ ಗ್ರಂಥಾಲಯದಿಂದ ಚಿತ್ರಿಸುತ್ತದೆ. ಅದು ಒಂದೊಂದು ಸಂಕೇತಕ್ಕೆ ಒಂದೊಂದು ಆಕೃತಿ ಇಡುತ್ತ ಹೋಗುತ್ತದೆಯೇ ಹೊರತು ಅಕ್ಷರ ಕಟ್ಟುವುದಿಲ್ಲ. ಯಾವ ಫಾಂಟ್ ಹಾಕಿದರೂ ಫಲ ಅಷ್ಟೇ.

ಟಿಕೆ ಹುಟ್ಟಿದ್ದು ಬರ್ಕ್ಲಿಯಲ್ಲಿ, ಜಾನ್ ಔಸ್ಟರ್‌ಹೌಟ್ ಅವರ ಕೈಯಲ್ಲಿ, 1990 ರ ದಶಕದ ಆರಂಭದಲ್ಲಿ. ಆ ಕಾಲದ ಅಡಿಪಾಯದ ಮೇಲೆ ಇಂದಿಗೂ ನಿಂತಿರುವುದು ಅದರ ಶಕ್ತಿಯೂ ಹೌದು, ನಮ್ಮಂಥ ಲಿಪಿಯವರಿಗೆ ಅದರ ಕೊರತೆಯೂ ಹೌದು. ನನಗೆ ಈ ವಿಷಯದಲ್ಲಿ ನೋವಿದೆ. ನಮ್ಮ ಹುಡುಗರು ಮೊದಲ ಬಾರಿ ಕಿಟಕಿಯೊಂದನ್ನು ಮಾಡಿ, ಅದರಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದಾಗ ಅದು ಒಡೆದು ಕಂಡರೆ, "ಕನ್ನಡ ಕಂಪ್ಯೂಟರಿಗೆ ಒಗ್ಗುವುದಿಲ್ಲ" ಎಂದುಕೊಂಡು ಇಂಗ್ಲಿಷಿಗೆ ತಿರುಗುತ್ತಾರೆ. ಒಗ್ಗದಿರುವುದು ಕನ್ನಡವಲ್ಲ, ಆ ಒಂದು ಪದರ.

ನಿಮ್ಮ ಅದೃಷ್ಟಕ್ಕೆ ಅಂಗಡಿಯಲ್ಲಿರುವುದು ವಿಂಡೋಸ್. ಅಲ್ಲಿ ಟಿಕೆ ಚಿತ್ರಿಸುವ ಕೆಲಸವನ್ನು ವಿಂಡೋಸಿಗೇ ಬಿಡುವುದರಿಂದ ಒತ್ತಕ್ಷರಗಳು ಸರಿಯಾಗಿ ಬರುತ್ತವೆ. ವಿಂಡೋಸ್ 7 ರಲ್ಲಿ ತುಂಗಾ ಫಾಂಟ್ ಇದೆ. ನಿರ್ಮಲಾ ಯುಐ ಬಂದದ್ದು ವಿಂಡೋಸ್ 8 ರಿಂದ, ಆದ್ದರಿಂದ ಅದರ ಹೆಸರನ್ನು ನೆಚ್ಚಿಕೊಳ್ಳಬೇಡಿ. ತುಂಗಾದ ಅಕ್ಷರಗಳು ಚಿಕ್ಕದಾಗಿ ಕಾಣುವುದರಿಂದ ಗಾತ್ರವನ್ನು 14 ಅಥವಾ 16 ಕ್ಕೆ ಏರಿಸಿ, ಒತ್ತುಗಳು ಕತ್ತರಿಸಿಹೋಗದಂತೆ ಸಾಲುಗಳ ನಡುವೆ ಸ್ವಲ್ಪ ಹೆಚ್ಚು ಜಾಗ ಬಿಡಿ.

ಆರನೆಯ ಉತ್ತರ ಕೊಟ್ಟ ವಿದ್ಯಾರ್ಥಿ

ಹಾಗಾದರೆ ಕ್ಯೂಟಿಯನ್ನು ಪೈಥಾನಿನಲ್ಲಿ ಬಳಸಲು ಇರುವ ಪೈಸೈಡ್‌ಗೆ ಹೋಗುವುದೇ ಒಳ್ಳೆಯದಲ್ಲವೇ? ಕ್ಯೂಟಿಯ ಸ್ಪಿನ್‌ಬಾಕ್ಸ್ ಟೈಪಿಸಿದ ಅಂಕಿಯನ್ನೂ ಮಿತಿಯೊಳಗೆ ತಾನೇ ತಡೆಯುತ್ತದೆ. ಅಂಕಿಯ ಪಕ್ಕದಲ್ಲಿ "ಗುಂಟೆ" ಎಂಬ ಪದವನ್ನು ಪೆಟ್ಟಿಗೆಯೊಳಗೇ ತೋರಿಸಲು ಸಫಿಕ್ಸ್ ಸೌಲಭ್ಯವೂ ಇದೆ. ಕನ್ನಡ ಎಲ್ಲೆಡೆ ಸರಿಯಾಗಿ ಬರುತ್ತದೆ.

ಮೊದಲ ಉತ್ತರ ಕೊಟ್ಟವರು

ನೀವು ಹೇಳಿದ್ದೆಲ್ಲ ನಿಜ, ಹೊಸದಾಗಿ ಆರಂಭಿಸುವವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಅಂಗಡಿಯ ಯಂತ್ರ ವಿಂಡೋಸ್ 7. ಕ್ಯೂಟಿ 6 ಕ್ಕೆ ಕನಿಷ್ಠ ವಿಂಡೋಸ್ 10 ಬೇಕು. ಹಳೆಯ ಕ್ಯೂಟಿ 5.15 ಬಳಸಬಹುದು, ಆದರೆ ಇಷ್ಟು ಸಣ್ಣ ಕೆಲಸಕ್ಕೆ ಕಡತದ ಗಾತ್ರ ವಿಪರೀತ ಏರುತ್ತದೆ. ವಿಂಡೋಸ್ 7 ರಲ್ಲಿ ಓಡುವ ಕೊನೆಯ ಪೈಥಾನ್ ಸರಣಿ 3.8, ಟಿಕಿಂಟರ್ ಅದರ ಜೊತೆಯಲ್ಲೇ ಬರುತ್ತದೆ. ಈ ಯಂತ್ರಕ್ಕೆ ಟಿಕಿಂಟರೇ ಸರಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅಕ್ಷರ ಒಡೆದು ಕಂಡರೆ ಸಹಿಸಿಕೊಂಡು, ಅಂತಿಮ ರೂಪವನ್ನು ವಿಂಡೋಸಿನಲ್ಲೇ ನೋಡಿ.

ಇನ್ನು ಪ್ರೋಗ್ರಾಮನ್ನು ನೇರವಾಗಿ ಓಡುವ ಕಡತವಾಗಿ ಕಟ್ಟುವ ವಿಚಾರ. ಅದಕ್ಕಿರುವ ಸಾಧನವಾದ ಪೈಇನ್‌ಸ್ಟಾಲರ್ ತಾನು ಓಡುವ ಕಾರ್ಯವ್ಯವಸ್ಥೆಗೆ ಮಾತ್ರ ಕಡತ ಕಟ್ಟುತ್ತದೆ. ಉಬುಂಟುವಿನಲ್ಲಿ ಕೂತು ವಿಂಡೋಸಿನ ಎಕ್ಸಿ ಕಡತ ಮಾಡಲಾಗದು. ವಿಂಡೋಸ್ ಯಂತ್ರವೊಂದರಲ್ಲಿ 32 ಬಿಟ್‌ನ ಪೈಥಾನ್ 3.8 ಹಾಕಿ ಕಟ್ಟಿದರೆ ಅಂಗಡಿಯದು 32 ಆಗಿದ್ದರೂ 64 ಆಗಿದ್ದರೂ ನಡೆಯುತ್ತದೆ. ಎಲ್ಲವನ್ನೂ ಒಂದೇ ಕಡತದಲ್ಲಿ ತುಂಬಿಸುವ ಆಯ್ಕೆಯನ್ನು ನಾನು ಬಳಸುವುದಿಲ್ಲ. ಪ್ರತಿ ಬಾರಿ ತೆರೆಯುವಾಗಲೂ ಅದು ತಾತ್ಕಾಲಿಕ ಕಡತಕೋಶಕ್ಕೆ ತನ್ನನ್ನು ಬಿಚ್ಚಿಕೊಳ್ಳುವುದರಿಂದ ಹಳೆಯ ಯಂತ್ರದಲ್ಲಿ ತಡವಾಗುತ್ತದೆ, ಕೆಲವು ಆಂಟಿವೈರಸ್‌ಗಳು ಸುಮ್ಮನೆ ಅನುಮಾನಿಸುವುದೂ ಉಂಟು. ಕಡತಕೋಶವಾಗಿಯೇ ಕೊಟ್ಟು, ಡೆಸ್ಕ್‌ಟಾಪಿನಲ್ಲಿ ಒಂದು ಶಾರ್ಟ್‌ಕಟ್ ಇಡಿ.

ಪ್ರಶ್ನೆ ಕೇಳಿದವರು

ವಿಂಡೋಸ್ 7 ರಲ್ಲಿ ಅಕ್ಷರಗಳು ಅಚ್ಚುಕಟ್ಟಾಗಿ ಬಂದವು, "ಲೆಕ್ಕ" ಎಂಬ ಪದವನ್ನು ಸರಿಯಾಗಿ ನೋಡಿ ಮನಸ್ಸಿಗೆ ಹಾಯೆನಿಸಿತು. ಮೌಸಿನ ಚಕ್ರವನ್ನೂ ತಡೆದಿದ್ದೇನೆ, ಅಂಕಿ ತಿದ್ದಿದ ಕೂಡಲೇ ಹಳೆಯ ಉತ್ತರ ಅಳಿಯುವಂತೆಯೂ ಮಾಡಿದ್ದೇನೆ. ನಿನ್ನೆ ಮಾವ ನಿಜವಾದ ಒಂದು ವಿಭಾಗಪತ್ರಕ್ಕೆ ಬಳಸಿದರು: 2 ಎಕರೆ 35 ಗುಂಟೆ 8 ಆಣೆ, 1 ಎಕರೆ 12 ಗುಂಟೆ 12 ಆಣೆ, ಎರಡೂ ಸೇರಿ 4 ಎಕರೆ 8 ಗುಂಟೆ 4 ಆಣೆ ಎಂದು ತೋರಿಸಿತು, ಅವರು ಕಾಗದದ ಮೇಲೆ ಮಾಡಿದ್ದಕ್ಕೂ ತಾಳೆಯಾಯಿತು.

ಆದರೆ ಅದನ್ನು ಮೂವರಿಗೆ ಹಂಚುವಾಗ ತೊಡಕಾಯಿತು. ಒಟ್ಟು 2692 ಆಣೆ. ಮೂರರಿಂದ ಭಾಗಿಸಿದರೆ ತಲಾ 897 ಆಣೆ ಬಂದು ಒಂದು ಆಣೆ ಉಳಿಯುತ್ತದೆ. ನನ್ನ ಪ್ರೋಗ್ರಾಂ ಮೂವರಿಗೂ 1 ಎಕರೆ 16 ಗುಂಟೆ 1 ಆಣೆ ಎಂದು ತೋರಿಸಿ, ಉಳಿದ ಒಂದು ಆಣೆಯ ಬಗ್ಗೆ ಏನೂ ಹೇಳಲಿಲ್ಲ. ಅದನ್ನು ಮೊದಲನೆಯವರಿಗೆ ತಾನಾಗಿ ಸೇರಿಸಲೇ?

ಎರಡನೆಯ ಉತ್ತರ ಕೊಟ್ಟ ಭೂಮಾಪಕರು

ಖಂಡಿತ ಬೇಡ. ಒಂದು ಆಣೆ ಎಂದರೆ 68 ಚದರ ಅಡಿಗಿಂತ ಸ್ವಲ್ಪ ಹೆಚ್ಚು, ಒಂದು ಸಣ್ಣ ಕೋಣೆಯಷ್ಟು ನೆಲ. ಅದು ಯಾರಿಗೆ ಸೇರಬೇಕೆಂದು ತೀರ್ಮಾನಿಸುವವರು ಆ ಮನೆಯವರು. ಕೆಲವರು ಹಿರಿಯನಿಗೆ ಬಿಡುತ್ತಾರೆ, ಕೆಲವರು ಬಾವಿಯ ದಾರಿಗೆಂದು ಜಂಟಿಯಾಗಿ ಇಡುತ್ತಾರೆ. ನಿಮ್ಮ ಕಿಟಕಿಯಲ್ಲಿ "ತಲಾ ಪಾಲು" ಎಂಬ ಸಾಲಿನ ಕೆಳಗೆ "ಹಂಚದೆ ಉಳಿದದ್ದು: 1 ಆಣೆ" ಎಂದು ಬೇರೆ ಬಣ್ಣದಲ್ಲಿ ತೋರಿಸಿ. ನಕಲು ಮಾಡಿದಾಗಲೂ ಆ ಸಾಲು ಜೊತೆಗೇ ಹೋಗಲಿ.

ಪ್ರಶ್ನೆ ಕೇಳಿದವರು

ಹಾಗೆಯೇ ಮಾಡಿದೆ. ಉಳಿಕೆ ಸೊನ್ನೆಯಾಗಿದ್ದರೆ ಆ ಸಾಲು ಗ್ರಿಡ್‌ನಿಂದ ಮರೆಯಾಗುತ್ತದೆ, ಇದ್ದರೆ ಕೆಂಪು ಅಕ್ಷರದಲ್ಲಿ ಕಾಣುತ್ತದೆ. ಪಾಲುದಾರರ ಸಂಖ್ಯೆಗೆ ಇಟ್ಟಿರುವ ಸ್ಪಿನ್‌ಬಾಕ್ಸಿನ ಕನಿಷ್ಠ ಮಿತಿಯನ್ನು 0 ಯಿಂದ 2 ಕ್ಕೆ ಏರಿಸಿದ್ದೇನೆ, ಏಕೆಂದರೆ ಸೊನ್ನೆಯಿಂದ ಭಾಗಿಸುವ ದೋಷ ನಿನ್ನೆ ಒಮ್ಮೆ ಬಂದಿತ್ತು. ಆ ಪೆಟ್ಟಿಗೆಯನ್ನು ಯಾರಾದರೂ ಖಾಲಿ ಬಿಟ್ಟರೆ ಲೆಕ್ಕ ಹಾಕುವ ಗುಂಡಿ ಮಂಕಾಗಿರುವಂತೆ ಇವತ್ತು ರಾತ್ರಿ ತಿದ್ದುತ್ತೇನೆ.